ನುಗ್ಗೆಗೂ ಲ್ಯಾಬ್ ಬೇಕಾ?

ಹಿತ್ತಲಲ್ಲಿ ಕೊಂಬೆ ಕಡಿದು ನೆಟ್ಟರೆ ಚಿಗುರೋ ಮರ ನುಗ್ಗೆ. ಅದಕ್ಕೂ ಟಿಶ್ಯೂ ಕಲ್ಚರ್ ಯಾಕಪ್ಪಾ ಅಂತ ಅಜ್ಜಿ ಕೇಳಿದರೆ ನಾವು ಏನು ಹೇಳೋಣ?

ಉತ್ತರ ಇದೆ. ಬೀಜದಿಂದ ಬಂದ ಸಸಿ ತಾಯಿಮರದ ಹಾಗೇ ಇರುತ್ತೆ ಅನ್ನೋ ಖಾತ್ರಿ ಇಲ್ಲ. ಪರಾಗಸ್ಪರ್ಶದಲ್ಲಿ ಬೇರೆ ಮರದ ಗುಣವೂ ಬೆರೆಯುತ್ತದೆ. ಕೊಂಬೆ ನೆಟ್ಟರೆ ಗುಣ ಉಳಿಯುತ್ತೆ, ಆದರೆ ಒಂದು ಮರದಿಂದ ಎಷ್ಟು ಕೊಂಬೆ ಕಡಿಯೋದು? ಟಿಶ್ಯೂ ಕಲ್ಚರ್‌ನಲ್ಲಿ ಗೆಣ್ಣಿನ ಸಣ್ಣ ಮೊಗ್ಗನ್ನು ಸೋಂಕಿಲ್ಲದಂತೆ ತೊಳೆದು, ಲವಣ, ಸಕ್ಕರೆ, ಹಾರ್ಮೋನ್ ಬೆರೆಸಿದ ಅಗಾರ್ ಮೇಲೆ ಇಡ್ತಾರೆ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ರೂಪಿಸಿದ ಎಂಎಸ್ ಮಾಧ್ಯಮ ಇವತ್ತಿಗೂ ಬಳಕೆಯಲ್ಲಿದೆ. ಒಂದು ಮೊಗ್ಗು ಹತ್ತಾರು ಚಿಗುರಾಗುತ್ತೆ, ಅವು ನೂರಾರಾಗುತ್ತವೆ. ಬೇರು ಬಂದ ಮೇಲೆ ನೆರಳಲ್ಲಿ ಹದಗೊಳಿಸಿ ಹೊಲಕ್ಕೆ ಒಯ್ಯಬೇಕು. ಜಿ9 ಬಾಳೆ ರೈತರ ಕೈಗೆ ಬಂದದ್ದು ಹೀಗೇ.

ಕೋಲಾರಕ್ಕೆ ಈ ಮರ ಒಗ್ಗುತ್ತೆ. ವರ್ಷವಿಡೀ ಹರಿಯೋ ನದಿ ಇಲ್ಲ, ಬೋರ್‌ವೆಲ್ ಪಾತಾಳ ಸೇರಿವೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನು ನಿಷೇಧಿಸಿತು. ಕಡಿಮೆ ನೀರಲ್ಲಿ ಬದುಕೋ ನುಗ್ಗೆಯ ಸೊಪ್ಪಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಪ್ರೋಟೀನ್ ಎಲ್ಲ ಇವೆ. ಮುದ್ದೆಗೆ ನುಗ್ಗೆಸೊಪ್ಪಿನ ಬಸ್ಸಾರು ನಮಗೆ ಹೊಸದೇನಲ್ಲ.

ಆದರೂ ನಮ್ಮ ಅಭಿಪ್ರಾಯ: ಮೊದಲು ಲ್ಯಾಬ್ ಅಲ್ಲ, ಮೊದಲು ಮರ. ಯಾಕಂದ್ರೆ ಲ್ಯಾಬ್ ಒಳ್ಳೆ ಮರವನ್ನು ಸೃಷ್ಟಿಸಲ್ಲ, ಇರೋದನ್ನು ನಕಲು ಮಾಡುತ್ತೆ ಅಷ್ಟೇ. ಕೆಟ್ಟದ್ದನ್ನು ಕೊಟ್ಟರೆ ಕೆಟ್ಟದ್ದೇ ಸಾವಿರ. ಒಂದೇ ಮರದ ನಕಲನ್ನು ಊರೆಲ್ಲ ನೆಟ್ಟರೆ, ಅದು ತಾಳಲಾರದ ಒಂದು ರೋಗ ಸಾಕು, ಎಲ್ಲ ಒಟ್ಟಿಗೇ ಹೋಗುತ್ತೆ. ಕಂಬಳಿಹುಳು ಲ್ಯಾಬ್ ಸಸಿ ಅಂತ ಬಿಡಲ್ಲ. ತಮಿಳುನಾಡಿನ ಪೆರಿಯಕುಳಂನ ಪಿಕೆಎಂ-1 ತಳಿಯಂತೂ ಬೀಜದಿಂದಲೇ ವರ್ಷದೊಳಗೆ ಕಾಯಿ ಬಿಡುತ್ತೆ. ಅದಕ್ಕಿಂತ ದುಬಾರಿ ಸಸಿ ಮಾರುವವರು ಏನು ಹೆಚ್ಚು ಸಿಗುತ್ತೆ ಅಂತ ತೋರಿಸಬೇಕು.

ಅದಕ್ಕೇ ರಜೆಗೆ ಊರಿಗೆ ಹೋದಾಗ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಿತ್ತಲುಗಳಲ್ಲಿ ಬರದಲ್ಲೂ ಸೋಲದ, ರುಚಿಯಾದ ಮರಗಳನ್ನು ಗುರುತು ಹಾಕೋಣ. ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ, ಅವರನ್ನು ಕೇಳೋಣ. ಹತ್ತಾರು ತಾಯಿಮರ ಸಿಕ್ಕಮೇಲೆ ಬಾಟಲಿ ತೊಳೆಯೋಣ.

ಗಡಿ ತಾಲ್ಲೂಕುಗಳ ತೆಲುಗಿನಲ್ಲಿ ಹೊಗಳಿ ಉಬ್ಬಿಸೋದಕ್ಕೆ ‘ನುಗ್ಗೆಮರ ಹತ್ತಿಸೋದು’ ಅಂತಾರೆ. ಆ ಕೊಂಬೆ ಪಟ್ ಅಂತ ಮುರಿಯುತ್ತೆ. ತಂತ್ರಜ್ಞಾನದ ಹೆಸರಲ್ಲಿ ರೈತರನ್ನು ಅದರ ಮೇಲೆ ಹತ್ತಿಸಿದರೆ ಬೀಳೋರು ನಾವಲ್ಲ, ಅವರು.