ದೋಣಿ ಬರಲಿ, ಉಪ್ಪು ಬಾರದಿರಲಿ

ಜಲಮಾರ್ಗದ ಮಾತು ಈಗ ನಮ್ಮ ಜಿಲ್ಲೆಯ ಬಾಗಿಲಿಗೂ ಬಂದಿದೆ. ತಿರುವನಂತಪುರದ ಸಮೀಪದ ಕೋವಳದಿಂದ ಕಾಸರಗೋಡು ಜಿಲ್ಲೆಯ ಬೇಕಲದವರೆಗೆ ಹೊಳೆ, ಹಿನ್ನೀರು, ಕಾಲುವೆಗಳನ್ನು ಒಂದಕ್ಕೊಂದು ಜೋಡಿಸಿ ಸುಮಾರು 616 ಕಿಲೋಮೀಟರು ಉದ್ದದ ಪಶ್ಚಿಮ ಕರಾವಳಿ ಕಾಲುವೆಯನ್ನು ಪೂರ್ಣಗೊಳಿಸಬೇಕೆಂಬುದು ಕೇರಳ ಸರಕಾರದ ಯೋಜನೆ. ಇದರ ಕೊಲ್ಲಂ–ಕೊಟ್ಟಪ್ಪುರಂ ಭಾಗವು 1993ರಲ್ಲಿಯೇ ರಾಷ್ಟ್ರೀಯ ಜಲಮಾರ್ಗವೆನಿಸಿತು. 2016ರ ಕಾಯಿದೆಯಿಂದ ಅದು ಕೋಝಿಕ್ಕೋಡಿನವರೆಗೆ ಬೆಳೆಯಿತು. ಉತ್ತರದ ಕೊನೆಯಲ್ಲಿ ನೀಲೇಶ್ವರ ಹೊಳೆಯನ್ನು ಚಿತ್ತಾರಿ ಹೊಳೆಗೆ ಕೂಡಿಸಲು ಹೊಸದಾಗಿ ಕಾಲುವೆ ತೋಡಬೇಕಾಗಿದೆ.

ಯೋಜನೆಯು ಬೇಕಲದಲ್ಲಿಯೇ ನಿಲ್ಲುತ್ತದೆ. ಅಲ್ಲಿಂದ ಬಡಗಿಗಿರುವ ಚಂದ್ರಗಿರಿ, ಮೊಗ್ರಾಲು, ಶಿರಿಯಾ, ಉಪ್ಪಳ ಹೊಳೆಗಳ ಕನ್ನಡ ನಾಡಿಗೆ ಅದು ತಲುಪುವುದಿಲ್ಲ. 'ನಮಗೂ ಬೇಕು' ಎನ್ನುವವರು ಸಹಕಾರಿ ಸಂಘದ ಜಗಲಿಯಲ್ಲಿ ಸಿಗುತ್ತಾರೆ. 'ನಮ್ಮ ಗದ್ದೆಯ ಗೊಡವೆಗೆ ಬಾರದಿದ್ದರೆ ಸಾಕು' ಎನ್ನುವವರೂ ಅದೇ ಜಗಲಿಯಲ್ಲಿದ್ದಾರೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಜಲಸಾರಿಗೆ ಒಳ್ಳೆಯದೇ. ಆದರೆ ರೈತನು ಅದಕ್ಕೆ ಒಪ್ಪಿಗೆ ಕೊಡುವ ಮುಂಚೆ ಎರಡು ಪ್ರಶ್ನೆ ಕೇಳತಕ್ಕದ್ದು: ಉಪ್ಪುನೀರು ಎಲ್ಲಿ ನಿಲ್ಲುತ್ತದೆ? ದೋಣಿಯಲ್ಲಿ ಏನು ಹೇರುತ್ತೀರಿ?

ಜಲಸಾರಿಗೆಯ ಗುಣವನ್ನು ಯಾರೂ ಅಲ್ಲಗಳೆಯಲಾರರು. ಒಂದು ಕುದುರೆಯ ಶಕ್ತಿಯು ರಸ್ತೆಯಲ್ಲಿ ಸುಮಾರು 150 ಕಿಲೋ, ರೈಲು ಕಂಬಿಯ ಮೇಲೆ 500 ಕಿಲೋ, ನೀರಿನ ಮೇಲೆ 4000 ಕಿಲೋ ಭಾರವನ್ನು ಸಾಗಿಸಬಲ್ಲುದೆಂದು ಒಳನಾಡು ಜಲಮಾರ್ಗದವರು ಲೆಕ್ಕ ಕೊಡುತ್ತಾರೆ. 200 ಟನ್ನಿನ ಒಂದು ನಾವೆ ಹೊರಟರೆ 10 ಟನ್ನಿನ 20 ಲಾರಿಗಳು ರಸ್ತೆಯಿಂದ ಇಳಿದಂತಾಯಿತು. ನಮ್ಮ ಹಿರಿಯರಿಗೆ ಇದು ಹೊಸ ವಿದ್ಯೆಯೂ ಅಲ್ಲ. ಮಂಗಳೂರಿನ ಹೆಂಚು ಮಂಜಿಗಳಲ್ಲಿ ದೂರದೂರದ ಬಂದರುಗಳಿಗೆ ಹೋಯಿತು. ಕಣ್ಣೂರಿನ ಕಡೆಯ ಸುಲ್ತಾನ್ ಕಾಲುವೆಯನ್ನು 1766ರಲ್ಲಿ, ಕೋಝಿಕ್ಕೋಡಿನ ಕನೋಲಿ ಕಾಲುವೆಯನ್ನು 1848ರಲ್ಲಿ ತೋಡಿದ್ದು ಹೊಳೆಗೆ ಹೊಳೆ ಸೇರಿಸುವುದಕ್ಕಾಗಿಯೇ.

ಇನ್ನು ಮೊದಲನೆಯ ಪ್ರಶ್ನೆ. ಉಪ್ಪುನೀರು ಸಿಹಿನೀರಿಗಿಂತ ಭಾರ. ಭರತದ ಹೊತ್ತಿಗೆ ಅದು ಅಳಿವೆಯಿಂದ ಒಳಹೊಕ್ಕು, ಸಿಹಿನೀರಿನ ಅಡಿಯಲ್ಲಿ ನುಸುಳುತ್ತ ಮೇಲೇರುತ್ತದೆ. ಮೇಲಿನ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದು ನೋಡಿ 'ಸಿಹಿಯಾಗಿದೆ' ಎಂದು ಸಮಾಧಾನಪಟ್ಟರೆ ಸಾಲದು. ತಳದಲ್ಲಿ ಉಪ್ಪು ಮಲಗಿರಬಹುದು. ದೋಣಿಗೆ ಆಳ ಬೇಕು. ಹೊಳೆಯ ತಳವನ್ನು ಕೆರೆದು ಆಳ ಮಾಡಿದಷ್ಟೂ ಉಪ್ಪಿಗೆ ದಾರಿ ಸಲೀಸಾಗುತ್ತದೆ. ಮಳೆಗಾಲದಲ್ಲಿ ಹೊಳೆಯ ಸೆಳೆತವೇ ಅದನ್ನು ಹೊರಗೆ ನೂಕುವುದರಿಂದ ಏಣೆಲು ಬೆಳೆಗೆ ತೊಂದರೆಯಿಲ್ಲ. ಸುಗ್ಗಿ, ಕೊಳಕೆ ಬೆಳೆಗೂ ಬೇಸಗೆಯಲ್ಲಿ ತೋಟಕ್ಕೆ ನೀರು ಕೊಡುವ ಬಾವಿಗಳಿಗೂ ಅಪಾಯವಿರುವುದು ಹೊಳೆ ಸೊರಗಿದ ಮೇಲೆ.

ಇದು ಊಹೆಯ ಮಾತಲ್ಲ. ಚಂದ್ರಗಿರಿ ಹೊಳೆಯ ಬಾವಿಕ್ಕೆರೆಯಿಂದ ಕಾಸರಗೋಡು ಪೇಟೆಗೆ ಕೊಳವೆಯಲ್ಲಿ ಬರುತ್ತಿದ್ದ ನೀರು ಎಷ್ಟೋ ಬೇಸಗೆಗಳಲ್ಲಿ ಉಪ್ಪಾಗಿದ್ದುದನ್ನು ಜನ ಮರೆತಿಲ್ಲ. ವರ್ಷವರ್ಷವೂ ತಾತ್ಕಾಲಿಕ ತಡೆ ಕಟ್ಟುವುದು, ಅದು ಸೋರುವುದು ನಡೆದೇ ಇತ್ತು. ಅಲ್ಲಿ ಶಾಶ್ವತ ಅಣೆಕಟ್ಟು ಮುಗಿಯಲು ಒಂದು ದಶಕಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಒಂದು ತಡೆಗೆ ಇಷ್ಟು ವರ್ಷ ಕಾಯಬೇಕಾದ ಊರಿನಲ್ಲಿ, ಕಾಲುವೆ ಮೊದಲು ತಡೆ ಆಮೇಲೆ ಎಂಬ ಮಾತನ್ನು ನಂಬುವುದು ಹೇಗೆ?

ತಡೆ ಕಟ್ಟಿದರೂ ದೋಣಿ ದಾಟುವುದು ಅಸಾಧ್ಯವೇನಲ್ಲ. ಲಾಕ್ ಎಂದು ಇಂಜಿನಿಯರರು ಹೇಳುವ ಜೋಡಿ ಬಾಗಿಲಿನ ಏರ್ಪಾಡಿದೆ. ಒಂದು ಬಾಗಿಲು ತೆರೆದು ನಾವೆಯನ್ನು ಒಳಕ್ಕೆ ಬಿಡುತ್ತಾರೆ. ಅದನ್ನು ಮುಚ್ಚಿ, ನೀರನ್ನು ಸಮಮಟ್ಟಕ್ಕೆ ತಂದು, ಆಚೆಯ ಬಾಗಿಲು ತೆರೆಯುತ್ತಾರೆ. ಒಮ್ಮೆಗೆ ಒಂದೇ ಬಾಗಿಲು ತೆರೆಯುವುದರಿಂದ ಉಪ್ಪಿಗೆ ನೇರ ದಾರಿ ಸಿಗದು. ಸ್ವಲ್ಪ ಮಾತ್ರ ದೋಣಿಯ ಜೊತೆ ಒಳಬರುತ್ತದೆ.

ಆದರೆ ಬಾಗಿಲಿನ ಕೀಲಿ ಯಾರ ಕೈಯಲ್ಲಿರಬೇಕೆಂಬುದಕ್ಕೆ ಕುಟ್ಟನಾಡನ್ನು ನೋಡಬೇಕು. ಅಲ್ಲಿ ವೇಂಬನಾಡು ಕಾಯಲಿಗೆ ಅಡ್ಡಲಾಗಿ ತಣ್ಣೀರ್‌ಮುಕ್ಕಂ ಕಟ್ಟೆಯು 1970ರ ದಶಕದ ನಡುವಿನಲ್ಲಿ ಬಳಕೆಗೆ ಬಂತು. ಡಿಸೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ ಅದನ್ನು ಮುಚ್ಚಿಡುವುದು ಮೂಲ ಕ್ರಮ. ಭತ್ತದ ಬೆಳೆ ಉಳಿಯಿತು. ಆದರೆ ನಿಂತ ನೀರಿನಲ್ಲಿ ಕಳೆ ಹಬ್ಬಿತು, ಕೊಳೆ ಸೇರಿತು, ಸಿಗಡಿ ಮೀನು ಕಡಿಮೆಯಾಗಿ ಮೀನುಗಾರರು ದೂರಿದರು. ಅಂದಿನಿಂದ ಬಾಗಿಲು ತೆರೆಯುವ ದಿನದ ಬಗ್ಗೆ ಜಗಳ ತಪ್ಪಿಲ್ಲ. ಆದುದರಿಂದ ರೈತರು, ಮೀನುಗಾರರು, ದೋಣಿಯವರು ಮೂವರೂ ಕೂತು ದಿನ ಗೊತ್ತುಮಾಡುವ ಸಮಿತಿಯು ಕಾಮಗಾರಿಗೆ ಮುಂಚೆಯೇ ಹುಟ್ಟಬೇಕು. ಏತಡ್ಕದ ಕಡೆ ತೋಡಿಗೆ ಕಟ್ಟ ಹಾಕುವ ಕೃಷಿಕರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಯಾವಾಗ ಕಟ್ಟಬೇಕು, ಯಾವಾಗ ಬಿಡಿಸಬೇಕು ಎಂಬುದನ್ನು ನೆರೆಕರೆಯವರು ಕೂಡಿ ನಿಶ್ಚಯಿಸುವ ಪದ್ಧತಿ ನಮ್ಮದೇ.

ಎರಡನೆಯ ಪ್ರಶ್ನೆ ಹೇರಿನದು. ಅಡಿಕೆ ಬೆಲೆಯಲ್ಲಿ ದೊಡ್ಡದು, ಭಾರದಲ್ಲಿ ಸಣ್ಣದು, ತೇವಕ್ಕೆ ಹೆದರುವಂಥದು. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರು. ಇಷ್ಟು ಹತ್ತಿರಕ್ಕೆ ತೋಟದಿಂದ ಲಾರಿ, ಲಾರಿಯಿಂದ ದೋಣಿ, ದೋಣಿಯಿಂದ ಮತ್ತೆ ಲಾರಿ ಎಂದು ಮೂರು ಸಲ ಏರಿಸಿ ಇಳಿಸಿದರೆ ಉಳಿದ ಬಾಡಿಗೆಯೆಲ್ಲ ಕೂಲಿಗೆ ಹೋಗುತ್ತದೆ. ನೀರಿಗೆ ಹೇಳಿಸಿದ ಸರಕು ಗೊಬ್ಬರ, ಸಿಮೆಂಟು, ಅಕ್ಕಿ, ಪಶು ಆಹಾರ ಮೊದಲಾದ ಅಗ್ಗದ ಬೆಲೆಯ ಹೆಚ್ಚು ಭಾರದವು, ದೂರವೂ ಉದ್ದವಾಗಿರಬೇಕು. ಬರುವ ದೋಣಿ ಬರಿದಾಗಿ ಹಿಂತಿರುಗಬಾರದು. 2021ರಲ್ಲಿ ಕೊಚ್ಚಿ, ಬೇಪೂರು, ಅಳಿಕ್ಕಲ್ ಬಂದರುಗಳ ನಡುವೆ ಸರಕು ಹಡಗೊಂದು ಓಡತೊಡಗಿ, ಬಹಳ ಕಾಲ ನಡೆಯದೆ ನಿಂತಿತು. ಹಡಗನ್ನು ಹೊರಡಿಸುವುದು ಒಂದು ದಿನದ ಸಮಾರಂಭ. ಅದಕ್ಕೆ ಎರಡೂ ಕಡೆಯಿಂದ ಹೇರು ಒದಗಿಸುವುದು ನಿತ್ಯದ ಕೆಲಸ.

ಹೀಗಿರುವುದರಿಂದ ಬೇಕಲದ ಬಡಗಿಗೆ ಗದ್ದೆಗಳ ನಡುವೆ ಕಾಲುವೆ ತೋಡಿಸಿರೆಂದು ನಾವು ಕೇಳುವುದು ಬುದ್ಧಿವಂತಿಕೆಯಲ್ಲ. ನಮ್ಮ ಹೊಳೆಗಳು ಗಿಡ್ಡ, ಗದ್ದೆಗಳು ಕಿರಿದು. ನಮಗೆ ದೇವರು ಕೊಟ್ಟ ಜಲಮಾರ್ಗ ಸಮುದ್ರವೇ. ಪಣಂಬೂರಿನಲ್ಲಿ ಎಲ್ಲ ಋತುವಿನಲ್ಲೂ ನಡೆಯುವ ದೊಡ್ಡ ಬಂದರಿದೆ, ಗೊಬ್ಬರದ ಕಾರ್ಖಾನೆಯೂ ಇದೆ. ಮಂಗಳೂರಿನ ಹಳೆಯ ದಕ್ಕೆಯಿಂದ ಮಂಜಿಗಳು ಇಂದಿಗೂ ಲಕ್ಷದ್ವೀಪಕ್ಕೆ ಸರಕು ಒಯ್ಯುತ್ತವೆ. ದೂರದ ಭಾರದ ಸರಕು ಅಂಥ ಬಂದರಿಗೆ ಬಂದಿಳಿಯಲಿ. ಅಲ್ಲಿಂದ ನಮ್ಮ ಸಹಕಾರಿ ಸಂಘಗಳು ಸೇರಿ ಒಟ್ಟಾಗಿ ತರಿಸಿ, ಮುಂಗಾರಿನ ಮುಂಚೆ ಊರಿನ ಉಗ್ರಾಣದಲ್ಲಿ ದಾಸ್ತಾನು ಮಾಡಲಿ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಎರಡು ರಾಜ್ಯಗಳು ಕೂಡಿ ಕ್ಯಾಂಪ್ಕೊ ಕಟ್ಟಿದ್ದುಂಟು. ಗಡಿಯು ವ್ಯಾಪಾರಕ್ಕೆ ಗೋಡೆಯಾಗಬೇಕಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೊಸದುರ್ಗದ ಕಡೆ ಕಾಲುವೆಯ ದಾರಿಯಲ್ಲಿ ನೆಲವಿರುವ ಬಂಧುಗಳಿಗೆ ಒಂದು ಮಾತು. ಅಳತೆಯವರು ಬಂದಾಗ ನೆಲದ ಬೆಲೆಯನ್ನು ಮಾತ್ರ ಕೇಳಿ ಸುಮ್ಮನಾಗಬೇಡಿರಿ. ಲಾಕ್ ಎಲ್ಲಿ, ಅದು ಕಾಲುವೆಗಿಂತ ಮೊದಲು ಮುಗಿಯುವುದೇ, ಬಾವಿ ಉಪ್ಪಾದರೆ ಹೊಣೆ ಯಾರದು ಎಂದು ಬರಹದಲ್ಲಿ ಕೇಳಿರಿ. ಇಂದೇ ನಿಮ್ಮ ಬಾವಿಯ ನೀರನ್ನು ಪರೀಕ್ಷಿಸಿ ಫಲಿತಾಂಶದ ಕಾಗದವನ್ನು ಜೋಪಾನವಾಗಿಡಿರಿ. ಮುಂದೆ ಅದೇ ನಿಮ್ಮ ಸಾಕ್ಷಿ. ಸರಕಾರಕ್ಕೆ ಕನ್ನಡದಲ್ಲಿಯೇ ಅರ್ಜಿ ಬರೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ನಮಗೆ ಕೊಟ್ಟಿದೆ. ಮಲೆಯಾಳದ ನೋಟೀಸು ಅರ್ಥವಾಗಲಿಲ್ಲವೆಂದು ಅವಧಿ ಮುಗಿದ ಮೇಲೆ ಕೊರಗುವುದಕ್ಕಿಂತ, ಅವಧಿಯೊಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು ಲೇಸು.

ದೋಣಿಗೆ ನಾವು ವಿರೋಧಿಗಳಲ್ಲ. ದಕ್ಕೆ ಕಟ್ಟುವುದು ತಡವಾದರೆ ಒಂದೆರಡು ವರ್ಷದ ಬಾಡಿಗೆ ನಷ್ಟವಾದೀತು. ತಡೆ ಕಟ್ಟುವುದು ತಡವಾದರೆ ಗದ್ದೆಯೇ ಹೋದೀತು. ಮೊದಲು ಬಾಗಿಲು ನಿಲ್ಲಲಿ, ಆಮೇಲೆ ದೋಣಿ ಬರಲಿ.