ಗಾಡಿಗೆ ಮಂಟಪವೋ, ಮನೆಯೋ?

ಮನೆ ಕಟ್ಟಿಸುವ ಗೃಹಸ್ಥರು ದೇವರ ಮನೆ ಯಾವ ದಿಕ್ಕಿಗಿರಬೇಕು, ಅಡಿಗೆಯ ಹೊಗೆ ಎತ್ತ ಹೋಗಬೇಕು ಎಂಬುದನ್ನು ವಿಚಾರಿಸುವಷ್ಟು ಶ್ರದ್ಧೆಯಿಂದ ಮೋಟಾರು ಗಾಡಿ ಎಲ್ಲಿ ನಿಲ್ಲಬೇಕೆಂಬುದನ್ನು ವಿಚಾರಿಸುವುದಿಲ್ಲ. ಗೃಹಪ್ರವೇಶದ ಹೋಳಿಗೆಯೆಲ್ಲ ಅರಗಿದ ಮೇಲೆ, ಗಾಡಿಯು ಬೀದಿಯಲ್ಲಿ ಬಿಸಿಲಿಗೆ ಬೇಯುತ್ತಿರುವುದು ಕಣ್ಣಿಗೆ ಬೀಳುತ್ತದೆ. ಆಗ ಪ್ರಶ್ನೆ ಹುಟ್ಟುತ್ತದೆ: ಅಂಗಳದಲ್ಲಿ ನಾಲ್ಕು ಕಂಬ ನೆಟ್ಟು ಮೇಲೊಂದು ಸೂರು ಹಾಕಿದರೆ ಸಾಕೆ, ಅಥವಾ ಹಿತ್ತಿಲಿನಲ್ಲಿ ಗೋಡೆಬಾಗಿಲುಗಳುಳ್ಳ ಬೇರೆ ಕೊಠಡಿಯನ್ನೇ ಕಟ್ಟಿಸಬೇಕೆ? ಮೊದಲನೆಯದನ್ನು ಕಾರ್‌ಪೋರ್ಟ್ ಎಂದೂ ಎರಡನೆಯದನ್ನು ಗ್ಯಾರೇಜು ಎಂದೂ ಇಂಜಿನಿಯರರು ಕರೆಯುತ್ತಾರೆ. ನಮ್ಮ ಊರಿನಲ್ಲಿ ಗ್ಯಾರೇಜೆಂದರೆ ಗಾಡಿಯನ್ನು ರಿಪೇರಿ ಮಾಡುವ ಅಂಗಡಿಯೆಂಬ ಅರ್ಥವೇ ಬಲವಾಗಿರುವುದರಿಂದ, ಇಲ್ಲಿ ಮೊದಲನೆಯದನ್ನು ಮಂಟಪವೆಂದೂ ಎರಡನೆಯದನ್ನು ಗಾಡಿಮನೆಯೆಂದೂ ಕರೆಯುತ್ತೇನೆ. ಕಂಬಗಳ ಮೇಲೆ ನಿಂತು ಸುತ್ತಲೂ ಗಾಳಿಗೆ ತೆರೆದಿರುವ ಸೂರಿಗೆ ಮಂಟಪವೆಂಬುದಕ್ಕಿಂತ ಒಳ್ಳೆಯ ಹೆಸರು ನನಗೆ ತೋರಲಿಲ್ಲ.

ಕಳೆದ ತಿಂಗಳು ರಿಚರ್ಡ್ಸ್ ಟೌನಿನ ಗೃಹಸ್ಥರೊಬ್ಬರು ಈ ಪ್ರಶ್ನೆಯನ್ನೇ ನನ್ನ ಮುಂದಿಟ್ಟರು. ಆ ಭಾಗವನ್ನು ನೋಡದ ವಾಚಕರಿಗಾಗಿ ಒಂದೆರಡು ಮಾತು. 1898ರ ಪ್ಲೇಗಿನ ಅನಂತರ ದಂಡಿನ ಪ್ರದೇಶದ ಜನಸಂದಣಿಯನ್ನು ಹರಡುವುದಕ್ಕಾಗಿ ಫ್ರೇಜರ್ ಟೌನ್ ಮೊದಲಾದ ಬಡಾವಣೆಗಳು ಹುಟ್ಟಿದುವಷ್ಟೆ. ರಿಚರ್ಡ್ಸ್ ಟೌನು ಅವುಗಳ ನೆರೆಯದು. 1947ರಲ್ಲಿ ದಂಡಿನ ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿ ಬರುವವರೆಗೂ ಅದು ಬ್ರಿಟಿಷರ ಆಡಳಿತದಲ್ಲಿತ್ತು. ಇಂದು ಅಲ್ಲಿ ಅನೇಕ ಹಳೆಯ ಬಂಗಲೆಗಳು ಹೋಗಿ ಅಂತಸ್ತಿನ ಮನೆಗಳು ಬಂದಿದ್ದರೂ, ಮಂಕಿ ಟಾಪ್ ಎಂಬ ಮರದ ಪಟ್ಟಿಯ ಮುಚ್ಚಿಗೆಯುಳ್ಳ ಕಿಟಕಿಗಳೂ, ಕೆಂಪು ಹೆಂಚಿನ ಮಾಡುಗಳೂ, ಪಾರ್ಕಿನ ದೊಡ್ಡ ಮರಗಳೂ ಅಲ್ಲಲ್ಲಿ ಉಳಿದಿವೆ. ಹಳೆಯ ಬಂಗಲೆಯ ಕಟ್ಟಳೆಯಲ್ಲಿ ಮುಂದುಗಡೆ ಸಾರೋಟು ಬಂದು ನಿಲ್ಲುವ ಪೋರ್ಟಿಕೋ, ಹಿಂದುಗಡೆ ಕುದುರೆಯ ಲಾಯವೂ ಆಳುಗಳ ಕೊಠಡಿಗಳೂ ಸೇರಿದ ಔಟ್‌ಹೌಸು ಇರುತ್ತಿದ್ದುವು. ಅಂದರೆ ಮಂಟಪವೂ ಗಾಡಿಮನೆಯೂ ಎರಡೂ ಇದ್ದುವು. ಪೋರ್ಟಿಕೋ ಹತ್ತಿ ಇಳಿಯುವುದಕ್ಕೆ, ಲಾಯ ತಂಗುವುದಕ್ಕೆ.

ಮೋಟಾರು ಗಾಡಿ ಬಂದಾಗ ಜನರು ಅದನ್ನೂ ಕುದುರೆಯಂತೆಯೇ ಕಂಡು ಲಾಯದೊಳಗೆ ಕಟ್ಟಿದರು. ಕುದುರೆಗೆ ಚಳಿಯುಂಟು, ಹಸಿವುಂಟು, ಹೆದರಿಕೆಯುಂಟು. ಅದಕ್ಕೆ ಗೋಡೆ ಬೇಕು. ಗಾಡಿಗೆ ಇವೊಂದೂ ಇಲ್ಲವೆಂಬುದನ್ನು ತಿಳಿಯಲು ಕೆಲವು ಕಾಲ ಹಿಡಿಯಿತು. 1909ರಲ್ಲಿ ವಾಲ್ಟರ್ ಬರ್ಲಿ ಗ್ರಿಫಿನ್ ಎಂಬ ಅಮೆರಿಕದ ವಾಸ್ತುಶಿಲ್ಪಿಯು ಎಲ್ಮ್‌ಹರ್ಸ್ಟ್ ಎಂಬಲ್ಲಿನ ಒಂದು ಮನೆಗೆ ಇಂತಹ ತೆರೆದ ಸೂರನ್ನು ಯೋಜಿಸಿದನು. ಆಸ್ಟ್ರೇಲಿಯದ ರಾಜಧಾನಿಯಾದ ಕ್ಯಾನ್‌ಬೆರದ ನಕ್ಷೆಯನ್ನು ರಚಿಸಿದವನೂ ಇವನೇ. ಕೊನೆಗಾಲದಲ್ಲಿ ನಮ್ಮ ದೇಶಕ್ಕೆ ಬಂದು 1937ರಲ್ಲಿ ಲಖನೌದಲ್ಲಿ ತೀರಿಕೊಂಡನು. ಅದೇ ಸುಮಾರಿನಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಎಂಬ ಪ್ರಸಿದ್ಧ ಶಿಲ್ಪಿಯು ಮ್ಯಾಡಿಸನ್ ನಗರದಲ್ಲಿ ಮಿತವ್ಯಯದ ಮನೆಯೊಂದನ್ನು ಕಟ್ಟಿಸುವಾಗ ಗಾಡಿಮನೆಯನ್ನು ಬಿಟ್ಟು ಮಂಟಪವನ್ನೇ ಇಟ್ಟನು. ಅಲ್ಲಿಂದ ಅದು ಲೋಕಕ್ಕೆಲ್ಲ ಹಬ್ಬಿತು.

ನಮ್ಮವರಿಗೆ ಈ ವಿವೇಕ ಹೊಸತೇನೂ ಅಲ್ಲ. ದೇವಾಲಯದ ತೇರನ್ನು ನೋಡಿರಿ. ವರ್ಷಕ್ಕೊಂದು ಸಾರಿ ಹೊರಡುವ ಮರದ ರಥವನ್ನು ಉಳಿದ ದಿನಗಳಲ್ಲಿ ಸುತ್ತಲೂ ಮರೆಮಾಡಿ ತೇರಿನ ಮನೆಯಲ್ಲಿಡುತ್ತಾರೆ. ಉತ್ಸವಮೂರ್ತಿಯು ಆಗಾಗ್ಗೆ ಬಿಜಯಮಾಡಿ ಕೂರುವ ಸ್ಥಳವಾದರೋ ನಾಲ್ಕು ಕಡೆಯೂ ತೆರೆದ ಮಂಟಪ. ಅಪರೂಪವಾಗಿ ಚಲಿಸುವುದಕ್ಕೆ ಗೋಡೆ, ಅಡಿಗಡಿಗೆ ಚಲಿಸುವುದಕ್ಕೆ ಕಂಬ. ಗಾಡಿಯ ವಿಷಯದಲ್ಲಿಯೂ ನಾನು ಮೊದಲು ಕೇಳುವ ಪ್ರಶ್ನೆ ಇದೇ: ನಿಮ್ಮದು ದಿನವೂ ಹೊರಡುವುದೋ, ತಿಂಗಳಿಗೊಮ್ಮೆ ಹೊರಡುವುದೋ? ಪರದೇಶದಲ್ಲಿರುವ ಮಕ್ಕಳು ಬಂದಾಗ ಮಾತ್ರ ಹೊರತೆಗೆಯುವ ಗಾಡಿಯಾಗಲಿ, ತಂದೆಯ ಕಾಲದ ಹಳೆಯ ಗಾಡಿಯನ್ನು ಪ್ರೀತಿಯಿಂದ ಕಾಪಾಡುವುದಾಗಲಿ ಇದ್ದರೆ ಗಾಡಿಮನೆ ಸಾರ್ಥಕ. ದಿನವೂ ದುಡಿಯುವ ಗಾಡಿಗೆ ಬೆಂಗಳೂರಿನ ಹವೆಯಲ್ಲಿ ಮಂಟಪವೇ ಮೇಲು.

ಹಾಗೇಕೆಂದರೆ, ಗಾಡಿಯ ಮುಖ್ಯ ಶತ್ರುಗಳು ಬಿಸಿಲು ಮತ್ತು ಪಸೆ. ಬಿಸಿಲಿನಿಂದ ಬಣ್ಣ ಮಾಸುವುದು, ರಬ್ಬರು ಬಿರಿಯುವುದು, ಒಳಗಿನ ಪ್ಲಾಸ್ಟಿಕ್ಕು ಸೀಳುವುದು. ಇದನ್ನು ಸೂರೊಂದೇ ಬಹುಮಟ್ಟಿಗೆ ತಡೆಯುತ್ತದೆ. ಪಸೆಯ ಮಾತು ಬೇರೆ. ಆಶ್ವಯುಜದ ಮಳೆಯಲ್ಲಿ ನೆನೆದ ಗಾಡಿಯನ್ನು ತಂದು, ಗಾಳಿಯಾಡದ ಕೊಠಡಿಯಲ್ಲಿ ನಿಲ್ಲಿಸಿ ಬಾಗಿಲು ಎಳೆದರೆ ಆ ನೀರು ಎಲ್ಲಿಗೆ ಹೋಗಬೇಕು? ಒಳಗೇ ಆವಿಯಾಗಿ, ಒಳಗೇ ತಂಗಿ, ಗಾಡಿಯ ಅಡಿಭಾಗದ ಕಬ್ಬಿಣವನ್ನು ತಿನ್ನುತ್ತದೆ. ಒದ್ದೆಬಟ್ಟೆಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಆಗುವುದೂ ಅದೇ. ಮಂಟಪದಲ್ಲಾದರೆ ಬೆಳಗಾಗುವುದರೊಳಗೆ ಗಾಳಿ ಅದನ್ನು ಒರೆಸಿಬಿಡುತ್ತದೆ. ಗಾಡಿಮನೆಯನ್ನೇ ಕಟ್ಟಿಸುವವರು ಎದುರುಬದುರು ಗೋಡೆಗಳಲ್ಲಿ, ಒಂದರಲ್ಲಿ ನೆಲದ ಬಳಿಯೂ ಇನ್ನೊಂದರಲ್ಲಿ ಸೂರಿನ ಬಳಿಯೂ ಜಾಲಂದ್ರಗಳನ್ನು ತಪ್ಪದೆ ಇಡಿಸತಕ್ಕದ್ದು. ಬಾಗಿಲು ಮುಚ್ಚಿ ಒಳಗೆ ಇಂಜಿನನ್ನು ಓಡಿಸುವುದಂತೂ ಎಂದಿಗೂ ಕೂಡದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆ ಬಂದಂತೆ ಪ್ರಾಣ ಹೋಗುತ್ತದೆ.

ಗಾಡಿಮನೆಯ ಗುಣಗಳನ್ನು ಮರೆಮಾಚುವುದು ನ್ಯಾಯವಲ್ಲ. ಕಳ್ಳರ ಭಯ ಕಡಮೆ. ಮರಗಳ ಎಲೆ, ಅಂಟು, ಹಕ್ಕಿಗಳ ಹಿಕ್ಕೆ ಯಾವುದೂ ತಾಕದು. ಏಪ್ರಿಲ್ ಮೇ ತಿಂಗಳುಗಳ ಬಿರುಗಾಳಿಯಲ್ಲಿ ಕೊಂಬೆ ಮುರಿದು ಬಿದ್ದರೆ ಕಾಂಕ್ರೀಟಿನ ಚಾವಣಿಯು ತಡೆಯುವಷ್ಟು ತಗಡು ತಡೆಯಲಾರದು. ವಿದ್ಯುತ್ತಿನಿಂದ ಓಡುವ ಗಾಡಿಯುಳ್ಳವರು ರಾತ್ರಿಯೆಲ್ಲ ಅದನ್ನು ಚಾರ್ಜು ಮಾಡಬೇಕಾಗುವುದರಿಂದ ಮುಚ್ಚಿದ ಸ್ಥಳವನ್ನು ಬಯಸುವುದುಂಟು. ಆದರೆ ಇದಕ್ಕೆ ಗೋಡೆಗಿಂತ ಮುಖ್ಯವಾದುದು ಪ್ರತ್ಯೇಕವಾದ ತಂತಿ, ಸರಿಯಾದ ಅರ್ತಿಂಗು, ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು, ಎರಚಲು ತಾಗದಂತೆ ಎದೆಮಟ್ಟದಲ್ಲಿಟ್ಟ ಪೆಟ್ಟಿಗೆ. ಇವಿಷ್ಟೂ ಮಂಟಪದ ಕಂಬಕ್ಕೂ ಸಲ್ಲುತ್ತವೆ. ಇನ್ನು ಇಲಿಗಳು. ಗಾಡಿಯ ತಂತಿಯನ್ನು ಕಡಿಯುವ ಇಲಿ ಎರಡು ಕಡೆಯೂ ಬರುತ್ತದೆ. ಗಾಡಿಮನೆಯಲ್ಲಿ ಅದಕ್ಕೆ ಸಂಸಾರ ಹೂಡಲು ಅನುಕೂಲ ಹೆಚ್ಚು.

ಈ ಅನುಕೂಲವನ್ನು ಒದಗಿಸುವವರು ನಾವೇ. ಗೋಡೆ ಬಾಗಿಲುಗಳಿರುವ ಕೊಠಡಿಯೊಂದು ಗೃಹಸ್ಥನ ಮನೆಯಲ್ಲಿ ಬರಿದಾಗಿ ಉಳಿದುದನ್ನು ನಾನು ಕಂಡಿಲ್ಲ. ಮೊದಲ ವರ್ಷ ಗಾಡಿ. ಎರಡನೆಯ ವರ್ಷ ಗೋಡೆಯ ಬದಿಗೆ ಹಳೆಯ ಮಂಚ. ಮೂರನೆಯ ವರ್ಷ ಮಗುವಿನ ತೊಟ್ಟಿಲು, ಕೆಟ್ಟ ಗ್ರೈಂಡರು, ಗೊಂಬೆಹಬ್ಬದ ಮೆಟ್ಟಿಲುಹಲಗೆ, ಮಾರುವ ಮನಸ್ಸಾಗದ ಹಳೆಯ ಮಾಸಪತ್ರಿಕೆಗಳು (ಈ ಪತ್ರಿಕೆಯೂ ಅವುಗಳಲ್ಲಿರಬಹುದು). ಐದನೆಯ ವರ್ಷ ಗಾಡಿ ಬೀದಿಗೆ ಬರುತ್ತದೆ. ಬೀದಿಯು ಯಾರೊಬ್ಬರ ಹಿತ್ತಿಲೂ ಅಲ್ಲ. ನಡೆಯುವ ಮುದುಕರದು, ಸೈಕಲು ಕಲಿಯುವ ಮಕ್ಕಳದು, ಆಂಬುಲೆನ್ಸಿನದು. ಜಪಾನು ದೇಶದಲ್ಲಿ 1962ರಲ್ಲಿಯೇ ಕಾನೂನು ಮಾಡಿ, ಗಾಡಿ ನಿಲ್ಲಿಸಲು ಸ್ಥಳವುಂಟೆಂದು ತೋರಿಸಬೇಕೆಂದು ವಿಧಿಸಿದರು. ಅಲ್ಲಿನ ನಗರಗಳಲ್ಲಿ ಪೊಲೀಸರ ಪ್ರಮಾಣಪತ್ರವಿಲ್ಲದೆ ಗಾಡಿ ನೋಂದಣಿಯಾಗುವುದಿಲ್ಲ. ಮಂಟಪದ ಒಂದು ದೊಡ್ಡ ಗುಣವೆಂದರೆ ಅದರೊಳಗೆ ಮಂಚವನ್ನಿಡಲು ನಾಚಿಕೆಯಾಗುತ್ತದೆ.

ಅಳತೆಯ ವಿಷಯದಲ್ಲಿ ಕೃಪಣತೆ ಬೇಡ. ಒಂದು ಗಾಡಿಗೆ ಎರಡೂವರೆ ಮೀಟರು ಅಗಲ, ಐದೂವರೆ ಮೀಟರು ಉದ್ದವೆಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಇದು ಬಯಲಿನಲ್ಲಿ ನಿಲ್ಲಿಸುವ ಲೆಕ್ಕ. ಪಕ್ಕದಲ್ಲಿ ಗೋಡೆ ಬಂದರೆ ಬಾಗಿಲು ತೆರೆಯಲು ಮೂರು ಮೀಟರಾದರೂ ಬೇಕು. 1983ರಲ್ಲಿ ಬಂದ ಮಾರುತಿ 800 ಗಾಡಿಯ ಅಗಲ ಒಂದೂವರೆ ಮೀಟರಿಗಿಂತ ಕಡಮೆ. ಇಂದು ಕುಟುಂಬದವರು ಕೊಳ್ಳುವ ಇನ್ನೋವಾ ಕ್ರಿಸ್ಟಾದ ಅಗಲ 1.83 ಮೀಟರು, ಉದ್ದ 4.7 ಮೀಟರಿಗೂ ಮೇಲೆ. ಹಳೆಯ ಲಾಯಗಳ ಬಾಗಿಲಿನಲ್ಲಿ ಇವು ಕನ್ನಡಿಗಳನ್ನು ಮಡಚಿಕೊಂಡೇ ನುಗ್ಗಬೇಕು. ನುಗ್ಗಿದ ಮೇಲೆ ಓಡಿಸಿದವನು ಹೊರಬರುವುದು ಹೇಗೆಂಬುದು ಇನ್ನೊಂದು ಸಮಸ್ಯೆ. ಗಾಡಿಯ ಗಾತ್ರ ಹೆಚ್ಚಿದರೆ ಕಂಬವನ್ನು ಸರಿಸಬಹುದು, ಗೋಡೆಯನ್ನು ಸರಿಸಲಾಗದು.

ಹಿತ್ತಿಲಿನ ಗಾಡಿಮನೆಗೆ ಕಾಣದ ಖರ್ಚು ಇನ್ನೊಂದುಂಟು. ಗೇಟಿನಿಂದ ಅಲ್ಲಿಯವರೆಗೆ ದಾರಿ ಬೇಕು. ಇಪ್ಪತ್ತು ಮೀಟರು ಉದ್ದ, ಮೂರು ಮೀಟರು ಅಗಲವೆಂದರೆ ಅರವತ್ತು ಚದರ ಮೀಟರು ನೆಲವು ಕಾಂಕ್ರೀಟಿನ ಕೆಳಗೆ ಹೋಯಿತು. ಹಿಂದಿನವರು ಚಕ್ರಗಳು ಹೊರಳುವ ಎರಡು ಪಟ್ಟಿಗಳನ್ನು ಮಾತ್ರ ಹಾಸಿ ನಡುವೆ ಹುಲ್ಲು ಬಿಡುತ್ತಿದ್ದರು. ಈಗಲೂ ಅದೇ ಸಾಕು. ದಾರಿಗೆ ಮರ ಅಡ್ಡವಾದರೆ ಕೊಡಲಿ ಎತ್ತುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾನೂನನ್ನು ನೋಡಬೇಕು. ಅನೇಕ ಜಾತಿಯ ಮರಗಳನ್ನು ಸ್ವಂತ ನೆಲದಲ್ಲಿದ್ದರೂ ವೃಕ್ಷಾಧಿಕಾರಿಯ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. ರಾತ್ರಿ ಮಳೆಯಲ್ಲಿ ಆಸ್ಪತ್ರೆಯಿಂದ ವೃದ್ಧರನ್ನು ಕರೆತಂದಾಗ ಹಿತ್ತಿಲಿನಿಂದ ಪಡಸಾಲೆಗೆ ಕೊಡೆ ಹಿಡಿದು ನಡೆಸಬೇಕಾಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೇಲೆ ಹೇಳಿದ ರಿಚರ್ಡ್ಸ್ ಟೌನಿನ ಗೃಹಸ್ಥರ ಪ್ರಶ್ನೆಯಲ್ಲಿ ಇವೆಲ್ಲಕ್ಕಿಂತ ಬಿಗಿಯಾದ ಗಂಟೊಂದು ಇತ್ತು. ಅವರ ಬಂಗಲೆಯ ಹಿಂದೆ ಹಳೆಯ ಲಾಯ, ಅದಕ್ಕೆ ತಾಗಿದಂತೆ ಎರಡು ಕೊಠಡಿಗಳು. ಅವುಗಳಲ್ಲಿ, ಮೂರು ತಲೆಮಾರಿಗೆ ಅಡಿಗೆ ಮಾಡಿ ಬಡಿಸಿದ ಮುದುಕಿಯೊಬ್ಬಳು ಮೊಮ್ಮಗಳೊಡನೆ ವಾಸವಾಗಿದ್ದಾಳೆ. ಲಾಯವನ್ನೂ ಕೊಠಡಿಗಳನ್ನೂ ಕೆಡವಿ, ಸುರುಳಿಬಾಗಿಲಿನ ಎರಡು ಗಾಡಿಗಳ ಗಾಡಿಮನೆಯನ್ನು ಕಟ್ಟಿಸಬೇಕೆಂಬುದು ಅಳಿಯಂದಿರ ಸಲಹೆ. ಆಕೆಗೆ ಬೇರೆ ಕಡೆ ಬಾಡಿಗೆ ಕೊಟ್ಟರಾಯಿತೆಂದು ಅವರು ಉದಾರವಾಗಿಯೇ ಹೇಳಿದರಂತೆ. ಅಳಿಯಂದಿರು ದುಷ್ಟರಲ್ಲ, ಇಪ್ಪತ್ತು ಲಕ್ಷದ ಗಾಡಿ ಮರದ ಕೆಳಗೆ ನಿಂತಿರುವುದನ್ನು ಕಂಡು ಅವರ ಹೊಟ್ಟೆ ಉರಿಯುತ್ತದೆ. ಆದರೆ ಎಪ್ಪತ್ತು ದಾಟಿದವಳಿಗೆ ಬಾಡಿಗೆಯ ಹಣ ದೊರೆತರೂ ಕೂಗಿದರೆ ಕೇಳುವ ನೆರೆ ದೊರೆಯುವುದಿಲ್ಲ. ಮೊಮ್ಮಗಳ ಶಾಲೆ ಆ ಬೀದಿಯ ಆಚೆಗಿದೆ.

ಅವರ ಗಾಡಿ ದಿನವೂ ಹೊರಡತಕ್ಕದ್ದು. ಬಂಗಲೆಯ ಪಕ್ಕದಲ್ಲಿ ಗೇಟಿಗೆ ನೇರವಾಗಿ ನಾಲ್ಕು ಮೀಟರು ಅಗಲದ ಓಣಿ ಬಿದ್ದಿದೆ. ಅಲ್ಲಿ ಮಂಟಪವನ್ನು ಹಾಕಿಸಿರಿ, ಗೇಟಿಗೆ ಒಳ್ಳೆಯ ಬೀಗ ಹಾಕಿಸಿರಿ, ಔಟ್‌ಹೌಸನ್ನು ಮುಟ್ಟಬೇಡಿರಿ ಎಂದು ಹೇಳಿದೆ. ಗಾಡಿಗೆ ಹತ್ತು ಹದಿನೈದು ವರ್ಷದ ಆಯುಸ್ಸು. ಅದಕ್ಕಾಗಿ ಮನುಷ್ಯರಿರುವ ಸೂರನ್ನು ತೆಗೆಯುವುದು ಯಾವ ಲೆಕ್ಕದಲ್ಲಿಯೂ ನನಗೆ ಕೂಡಿಬರುವುದಿಲ್ಲ. ಅವರು ಮನೆಯಲ್ಲಿ ಮಾತನಾಡಿ ನೋಡುವುದಾಗಿ ಹೇಳಿ ಹೋಗಿದ್ದಾರೆ.

ಮಂಟಪವನ್ನು ಹಾಕಿಸುವವರಿಗೆ ಕೆಲವು ಸೂಚನೆಗಳು. ಮನೆಯ ಸುತ್ತ ಬಿಡಬೇಕಾದ ತೆರಪಿನಲ್ಲಿ ಏನನ್ನು ಕಟ್ಟಬಹುದೆಂಬ ನಿಯಮವು ನಿವೇಶನದ ಅಳತೆಯನ್ನನುಸರಿಸಿ ಬದಲಾಗುವುದರಿಂದ, ಕೆಲಸಕ್ಕೆ ಮೊದಲೇ ಪರವಾನಗಿಯುಳ್ಳ ಇಂಜಿನಿಯರರಿಂದ ತಿಳಿದುಕೊಳ್ಳಬೇಕು. ಹಳೆಯ ಬಂಗಲೆಗಳ ಗೋಡೆಗಳು ಸುಣ್ಣದ ಗಾರೆಯವು. ಅವುಗಳಿಗೆ ಬೋಲ್ಟು ಹೊಡೆದು ಸೂರನ್ನು ತೂಗುಹಾಕಬಾರದು. ನಾಲ್ಕೂ ಕಂಬಗಳು ತಮ್ಮ ಕಾಲಮೇಲೆ ತಾವೇ ನಿಲ್ಲಲಿ. ಗೋಡೆಯಿಲ್ಲದ ಸೂರನ್ನು ಬಿರುಗಾಳಿಯು ಕೆಳಗಿನಿಂದ ಎತ್ತುತ್ತದೆಯಾದ ಕಾರಣ, ಕಂಬದ ಬುಡವನ್ನು ಭಾರವಾದ ಕಾಂಕ್ರೀಟಿನಲ್ಲಿ ಹೂಳಿ, ತಗಡನ್ನು ಕೊಕ್ಕೆಬೋಲ್ಟುಗಳಿಂದ ಬಿಗಿಯಬೇಕು. ಕಲ್ನಾರಿನ ಸೀಟನ್ನು ಅಗ್ಗವೆಂದು ತರಬೇಡಿರಿ; ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರು ಬರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರಿಸಿದೆ. ಪಾಲಿಕಾರ್ಬೊನೇಟ್ ಹಾಳೆ ಬೆಳಕು ಕೊಡುತ್ತದೆ, ಕೆಳಗೆ ಸೆಕೆಯನ್ನೂ ಕೊಡುತ್ತದೆ. ಹಳೆಯ ಮನೆಗೆ ಒಪ್ಪುವುದು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಅದರ ಕಾರ್ಖಾನೆಯನ್ನು ಆರಂಭಿಸಿದಂದಿನಿಂದ ನಮ್ಮ ಮಳೆಬಿಸಿಲುಗಳೆರಡನ್ನೂ ಅದು ತಿಳಿದಿದೆ. ಪಡುವಣ ದಿಕ್ಕಿಗೆ ಮಾತ್ರ, ಮುಂಗಾರಿನ ಎರಚಲಿಗೂ ಸಂಜೆಯ ಬಿಸಿಲಿಗೂ, ಮರದ ಪಟ್ಟಿಯ ಜಾಲಂದ್ರವೊಂದನ್ನು ನಿಲ್ಲಿಸಿ ಮಲ್ಲಿಗೆಯ ಬಳ್ಳಿಯನ್ನು ಹಬ್ಬಿಸಬಹುದು.

ಸೂರಿನ ಅಂಚಿಗೆ ನೀರು ಹಿಡಿಯುವ ದೋಣಿಯನ್ನು ಮರೆಯಬಾರದು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಮೂರು ಮೀಟರು ಅಗಲ, ಆರು ಮೀಟರು ಉದ್ದದ ಸೂರಿನ ಮೇಲೆ ಬೀಳುವ ನೀರು ಹದಿನೇಳು ಸಾವಿರ ಲೀಟರಿಗೂ ಮಿಗಿಲು. ಚೆಲ್ಲಿದ್ದು, ಆವಿಯಾದದ್ದು ಕಳೆದರೂ ಹದಿನಾಲ್ಕು ಸಾವಿರ ಕೈಗೆ ಬರುತ್ತದೆ. 2009ರ ತಿದ್ದುಪಡಿಯಿಂದ 2400 ಚದರ ಅಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳಲ್ಲಿರುವ ಹಳೆಯ ಮನೆಗಳಿಗೂ ಮಳೆನೀರಿನ ಕೊಯ್ಲು ಕಡ್ಡಾಯವಾಗಿದೆಯಷ್ಟೆ. ಮೊದಲ ಮಳೆಯ ಕೊಳೆನೀರನ್ನು ಹೊರಕ್ಕೆ ಬಿಟ್ಟು, ಉಳಿದುದನ್ನು ಕೊಳವೆಯ ಮೂಲಕ ಜಲ್ಲಿ ಮರಳು ತುಂಬಿದ ಗುಂಡಿಗೆ ಇಳಿಸಿದರೆ ಹಿತ್ತಿಲಿನ ಬಾವಿಗೂ ಅದರ ಪಾಲು ಸೇರುತ್ತದೆ.