ನಲ್ಲಿ ಬಂತು, ರಿಪೇರಿ ಯಾವಾಗ?

1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದರು. ಸಂವಿಧಾನದ 15ನೇ ವಿಧಿ ಬಾವಿ, ಕೆರೆಗಳನ್ನು ಎಲ್ಲರಿಗೂ ತೆರೆಯಿತು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಮನೆಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಅಂತ ಹೇಳಿತು. ಸರಿ. ಒಡೆದ ಪೈಪು ರಿಪೇರಿ ಮಾಡೋರು ಯಾರು?

ಎಷ್ಟೋ ಕಡೆ ಕೇರಿ ಇರೋದೇ ಪೈಪಿನ ಕೊನೆಗೆ. ಊರೊಳಗೆ ಒಡೆದರೆ ಸಂಜೆಗೆ ರಿಪೇರಿ. ಕೇರಿಯಲ್ಲಿ ಒಡೆದರೆ ಅರ್ಜಿ, ಮೇಲೊಂದು ಅರ್ಜಿ. ಚರಂಡಿಯೊಳಗೆ ಹಾದ ಪೈಪಿನ ಜಾಯಿಂಟು ಸೋರಿದರೆ ನೀರು ಪೋಲಾಗೋದಷ್ಟೇ ಅಲ್ಲ. ನೀರು ಬಿಟ್ಟಾಗ ಹೊರಗೆ ಚಿಮ್ಮೋ ಆ ತೂತೇ, ವಾಲ್ವ್ ನಿಲ್ಲಿಸಿದಾಗ ಚರಂಡಿಯನ್ನು ಒಳಕ್ಕೆ ಎಳಕೊಳ್ಳುತ್ತೆ. ಮಾರನೇ ದಿನ ಮೊದಲ ಕೊಡಕ್ಕೆ ಬೀಳೋದು ಅದೇ. ಕೆಟ್ಟ ನೀರು ಏನು ಮಾಡುತ್ತೆ ಅನ್ನೋದನ್ನು 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ಸಾವುಗಳಲ್ಲಿ ಕಂಡಿದ್ದೇವೆ.

ರಿಪೇರಿ ಯಾರ ದಯೆಯೂ ಅಲ್ಲ, ಪಂಚಾಯ್ತಿಯ ಕೆಲಸ. ಸೋರುವ ಜಾಗ, ತಾರೀಕು ಬರೆದು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ಹೆಂಗಸರೇ ಮುಂದೆ ಕೂತು ಕೇಳಲಿ. ಪೈಪನ್ನು ಚರಂಡಿಯಿಂದ ಎತ್ತಿ ಬೇರೆ ಹಾಕುತ್ತೇವೆ ಅಂತ ನಡಾವಳಿಯಲ್ಲಿ ಬರೆಯುವವರೆಗೆ ಏಳಬೇಡಿ.

ಅಲ್ಲೀವರೆಗೆ ನೀರು ಕುದಿಸಿ, ಆರಿಸಿ ಕುಡಿಯಿರಿ. ಸಿಟ್ಟನ್ನು ಮಾತ್ರ ಆರಲು ಬಿಡಬೇಡಿ.